ಒಂಬತ್ತು ವರ್ಷ ಕಪಾಟಿನಲ್ಲಿದ್ದ ಸ್ಕೇಲರ್

ನಮ್ಮ ಕಾಲೇಜಿನ ವಾಟ್ಸ್‌ಆ್ಯಪ್ ಗ್ರೂಪಿಗೆ ದಿನಕ್ಕೆ ಹತ್ತಾದರೂ ಉದ್ಯೋಗ ಪ್ರಕಟಣೆಗಳು ಬಂದು ಬೀಳುತ್ತವೆ. ಇಂಟರ್ನ್‌ಶಿಪ್, ಆಫ್ ಕ್ಯಾಂಪಸ್, ಹ್ಯಾಕಥಾನ್ ಎಂದು. ಒಮ್ಮೆ ಅವುಗಳ ನಡುವೆ ಬೇರೆ ಥರದ್ದೊಂದು ಬಂದಿತ್ತು. ಮದುವೆ, ಮಕ್ಕಳು, ಮನೆಯ ಕಾರಣಕ್ಕೆ ಕೆಲಸ ಬಿಟ್ಟ ಮಹಿಳೆಯರನ್ನು ಮತ್ತೆ ಸೇರಿಸಿಕೊಳ್ಳುತ್ತೇವೆ, ತರಬೇತಿ ನಾವೇ ಕೊಡುತ್ತೇವೆ ಎಂದು ಐಟಿ ಕಂಪನಿಯೊಂದರ ಪ್ರಕಟಣೆ. ಗ್ರೂಪಿನಲ್ಲಿ ಯಾರೂ ಅದನ್ನು ಗಮನಿಸಿದಂತಿರಲಿಲ್ಲ. ನನಗೆ ಚಿಕ್ಕಮ್ಮನ ನೆನಪಾಗಿ ಅವರಿಗೆ ಕಳಿಸಿದೆ. ಐದು ನಿಮಿಷಕ್ಕೆ ಉತ್ತರ ಬಂತು: "ಇದು ಕಂಪ್ಯೂಟರಿನವರಿಗೆ ಮಾರಾಯ. ಹಲ್ಲು ಕ್ಲೀನ್ ಮಾಡುವವರಿಗೆ ಇಂಥದ್ದು ಎಂತಾದ್ರೂ ಉಂಟಾ ನೋಡು."

ಹುಡುಕಿದೆ. ಎರಡು ರಾತ್ರಿ ಹುಡುಕಿದರೂ ನಮ್ಮ ಕಡೆಯದ್ದು ಅಂತ ಒಂದೂ ಕಣ್ಣಿಗೆ ಬೀಳಲಿಲ್ಲ.

ಚಿಕ್ಕಮ್ಮ ಡೆಂಟಲ್ ಹೈಜೀನಿಸ್ಟ್. ಹಾಗೆಂದರೆ ನಮ್ಮ ಸಂತೆಕಟ್ಟೆಯಲ್ಲಿ ಹೆಚ್ಚಿನವರು "ಅಂದ್ರೆ ಹಲ್ಲಿನ ಡಾಕ್ಟ್ರಾ?" ಎಂದು ಕೇಳುತ್ತಾರೆ. ಅಲ್ಲ ಎಂದರೆ "ಓ, ನರ್ಸ್" ಎಂದು ಅವರೇ ತೀರ್ಮಾನ ಮಾಡಿಬಿಡುತ್ತಾರೆ. ಎರಡೂ ಅಲ್ಲ. ನಮ್ಮ ದೇಶದ 1948ರ ದಂತವೈದ್ಯರ ಕಾಯ್ದೆಯಲ್ಲೇ ಈ ಕೆಲಸಕ್ಕೆ ಪ್ರತ್ಯೇಕ ಹೆಸರು, ಪ್ರತ್ಯೇಕ ನೋಂದಣಿ ಪುಸ್ತಕ ಇದೆ. ಹಲ್ಲಿನ ಮೇಲೆ ಕಟ್ಟಿದ ಪಾಚಿ ಕೆರೆದು ತೆಗೆಯುವುದು, ಹಲ್ಲು ಶುಚಿ ಮಾಡುವುದು, ಪಾಲಿಶ್ ಮಾಡುವುದು, ಬಾಯಿ ಹೇಗೆ ಚೊಕ್ಕ ಇಟ್ಟುಕೊಳ್ಳಬೇಕೆಂದು ರೋಗಿಗೆ ಕಲಿಸುವುದು ಹೈಜೀನಿಸ್ಟ್ ಕೆಲಸ. ಹಲ್ಲು ಕೀಳುವುದು, ತೂತು ತುಂಬುವುದು ದಂತವೈದ್ಯರದ್ದು. ಪಿಯುಸಿ ವಿಜ್ಞಾನದ ಬಳಿಕ ಎರಡು ವರ್ಷದ ಡಿಪ್ಲೊಮಾ. ಅಮೆರಿಕದ ಬ್ರಿಡ್ಜ್‌ಪೋರ್ಟ್ ಎಂಬ ಊರಿನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯರು 1913ರಲ್ಲಿ ಇದಕ್ಕೆಂದೇ ಮೊದಲ ಶಾಲೆ ತೆರೆದರು. ಅಲ್ಲೆಲ್ಲ ಹಲ್ಲಿನ ಆಸ್ಪತ್ರೆಗೆ ಹೋದರೆ ಮೊದಲು ಸಿಗುವುದೇ ಹೈಜೀನಿಸ್ಟ್. ನಮ್ಮಲ್ಲಿ ಮಾತ್ರ ಇವರು ಕಾನೂನಿನಲ್ಲಿ ಇದ್ದಾರೆ, ಕ್ಲಿನಿಕ್‌ಗಳಲ್ಲಿ ಅಪರೂಪ.

ಮಣಿಪಾಲದಲ್ಲಿ 1965ರಷ್ಟು ಹಿಂದೆಯೇ ದಂತವೈದ್ಯಕೀಯ ಕಾಲೇಜು ಶುರುವಾದ ಜಿಲ್ಲೆ ನಮ್ಮದು. ಉಡುಪಿ, ಕಾಪು, ಕಾರ್ಕಳ ಎಲ್ಲಿ ಹೋದರೂ ಪೇಟೆಗೆ ನಾಲ್ಕೈದು ಹಲ್ಲಿನ ಕ್ಲಿನಿಕ್ ಬೋರ್ಡ್ ಕಾಣುತ್ತದೆ. ಎಲೆಅಡಿಕೆ ಜಗಿಯುವವರಿಗೂ ಬರವಿಲ್ಲ. ಅಂದರೆ ಕೆಲಸ ಇದೆ. ಹಾಗಿದ್ದೂ ಚಿಕ್ಕಮ್ಮ ಒಂಬತ್ತು ವರ್ಷ ಮನೆಯಲ್ಲಿದ್ದರು.

ಅವರು ಕೆಲಸ ಬಿಟ್ಟದ್ದು 2015ರಲ್ಲಿ, ಮಗ ಹುಟ್ಟುವ ಮೊದಲು. ಆಗ ಇದ್ದ ಕ್ಲಿನಿಕ್‌ನಲ್ಲಿ ಡಾಕ್ಟರು, ಚಿಕ್ಕಮ್ಮ, ರಿಸೆಪ್ಷನ್ನಿನ ಹುಡುಗಿ, ಸಾಮಾನು ತೊಳೆದು ಗುಡಿಸುವ ಅಕ್ಕ, ಹೀಗೆ ನಾಲ್ಕೇ ಜನ. "ಹೆರಿಗೆ ರಜೆ ಕೇಳ್ಲಿಲ್ವಾ?" ಎಂದು ನಾನೊಮ್ಮೆ ದೊಡ್ಡ ಕಾನೂನು ತಿಳಿದವನ ಹಾಗೆ ಕೇಳಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿದ್ದು ಹೌದು. ಆದರೆ ಅಂಗಡಿ, ಕ್ಲಿನಿಕ್‌ನಂಥ ಕಡೆ ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಮಾತ್ರ ಅದು ಅನ್ವಯ. ನಾಲ್ಕು ಜನರ ಕ್ಲಿನಿಕ್‌ನಲ್ಲಿ ರಜೆ ಎಂದರೆ ರಾಜೀನಾಮೆಯೇ. ಐಟಿ ಕಂಪನಿಯ ಅಕ್ಕಂದಿರು ರಜೆ ಮುಗಿಸಿ ಅದೇ ಕುರ್ಚಿಗೆ ಮರಳುತ್ತಾರೆ. ಚಿಕ್ಕಮ್ಮನ ಕುರ್ಚಿಯಲ್ಲಿ ಮುಂದಿನ ತಿಂಗಳೇ ಬೇರೊಬ್ಬರು ಇದ್ದರು.

ಮಗನಿಗೆ ಮೂರು ವರ್ಷ ಆಗುವಾಗ ಅಜ್ಜಿಗೆ, ಅಂದರೆ ಅವರ ಅತ್ತೆಗೆ, ಪಾರ್ಶ್ವವಾಯು. ಅದರ ಬೆನ್ನಿಗೆ ಕೊರೋನಾ. "ಈ ವರ್ಷ ಹೋಗ್ತೇನೆ, ಮುಂದಿನ ವರ್ಷ ಹೋಗ್ತೇನೆ" ಎನ್ನುತ್ತಲೇ ಒಂಬತ್ತು ವರ್ಷ ಕಳೆಯಿತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ, ಅಷ್ಟೇ.

ಮರಳಿ ಹೋಗಬೇಕೆಂದು ನಿಶ್ಚಯ ಮಾಡಿದ ದಿನ ಮೊದಲು ತೆರೆದದ್ದು ಕಪಾಟು. ಸೀರೆಗಳ ಅಡಿಯಲ್ಲಿ ಒಂದು ಫೈಲು, ಬಟ್ಟೆಯಲ್ಲಿ ಸುತ್ತಿದ ಐದಾರು ಸ್ಕೇಲರ್‌ಗಳು. ಫೈಲಿನಲ್ಲಿ ಅಂಕಪಟ್ಟಿ ಇತ್ತು, ಡಿಪ್ಲೊಮಾ ಇತ್ತು, ರಾಜ್ಯ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಪತ್ರ ಇತ್ತು. ನವೀಕರಣದ ರಸೀದಿ ಇರಲಿಲ್ಲ. ಈ ನೋಂದಣಿ ಒಮ್ಮೆ ಮಾಡಿಸಿದರೆ ಜೀವಮಾನಕ್ಕೆ ಸಾಕು ಎಂದು ಅವರು ತಿಳಿದಿದ್ದರು. ಹಾಗಲ್ಲ, ನವೀಕರಣ ಶುಲ್ಕ ಕಟ್ಟದಿದ್ದರೆ ಹೆಸರನ್ನು ಪುಸ್ತಕದಿಂದ ತೆಗೆಯಲು ಕಾಯ್ದೆಯಲ್ಲೇ ಅವಕಾಶವಿದೆ. ತೆಗೆದದ್ದನ್ನು ಮರಳಿ ಸೇರಿಸಲೂ ಅವಕಾಶವಿದೆ, ಅದೊಂದು ಪುಣ್ಯ. ಬಾಕಿ ಕಟ್ಟಿ, ಅರ್ಜಿ ಹಾಕಿ, ಬೆಂಗಳೂರಿಗೆ ನಾಲ್ಕು ಸಲ ಫೋನು ಮಾಡಿ ಆ ಕೆಲಸ ಮುಗಿಸಿದರು. ಈಗ ಆ 1948ರ ಕಾಯ್ದೆಯ ಬದಲಿಗೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ವೈದ್ಯಕೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ಹಾಗಾಗಿ ಈ ಕ್ಷೇತ್ರದಲ್ಲಿ ಇರುವವರು ತಮ್ಮ ನೋಂದಣಿಯ ಮೇಲೆ ಒಂದು ಕಣ್ಣು ಇಟ್ಟಿರುವುದು ಒಳ್ಳೆಯದು.

ನೋಂದಣಿಗಿಂತ ಕಷ್ಟವಾದದ್ದು ಅನುಭವ ಪತ್ರ. ಹಳೆಯ ಕ್ಲಿನಿಕ್ ಮುಚ್ಚಿ, ಡಾಕ್ಟರು ಮಗಳ ಜತೆ ಪರವೂರಿನಲ್ಲಿದ್ದರು. ಏಳು ವರ್ಷ ದುಡಿದದ್ದಕ್ಕೆ ಕಾಗದದಲ್ಲಿ ಒಂದು ಗೆರೆ ಇರಲಿಲ್ಲ. ಕೊನೆಗೆ ಡಾಕ್ಟರನ್ನು ಫೋನಿನಲ್ಲಿ ಹಿಡಿದು, ಅವರು ಪತ್ರ ಬರೆದು ಅಂಚೆಗೆ ಹಾಕಿದರು. ಅದು ಅವರ ಒಳ್ಳೆಯತನ. ಕೆಲಸ ಬಿಡುವ ದಿನವೇ ಪತ್ರ ತೆಗೆದುಕೊಳ್ಳಬೇಕಿತ್ತು ಎಂದು ಚಿಕ್ಕಮ್ಮ ಈಗ ಕಂಡವರಿಗೆಲ್ಲ ಹೇಳುತ್ತಾರೆ. ಮೊದಲ ಇಂಟರ್ನ್‌ಶಿಪ್ ಮುಗಿಸಿದ ನನ್ನ ಗೆಳೆಯರಿಗೂ ಹೇಳಿದ್ದಾರೆ.

ಆಮೇಲೆ ಓದು. ನನಗೆ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಿತ್ತು. ಜಗಲಿಯ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಚಿಕ್ಕಮ್ಮ, ನಡುವೆ ಮೂರನೇ ಕ್ಲಾಸಿನ ಮಗ ಮಗ್ಗಿ ಬರೆಯುತ್ತಾ. ಒಂಬತ್ತು ವರ್ಷದಲ್ಲಿ ಎಷ್ಟು ಬದಲಾಗಿದೆ ಎಂದು ನನಗೂ ಆಶ್ಚರ್ಯ. ಅವರು ಕಲಿಯುವಾಗ ವಸಡಿನ ರೋಗವನ್ನು ದೀರ್ಘಕಾಲದ್ದು, ತೀವ್ರವಾಗಿ ಹಬ್ಬುವಂಥದ್ದು ಎಂದು ವಿಂಗಡಿಸುತ್ತಿದ್ದರು. 2017ರಲ್ಲಿ ಅಮೆರಿಕ, ಯುರೋಪಿನ ತಜ್ಞರು ಕೂತು ಅದನ್ನು ಬದಲಾಯಿಸಿ, ಮರುವರ್ಷ ಹೊಸ ಪಟ್ಟಿ ಪ್ರಕಟಿಸಿದರು. ಈಗ ನಾಲ್ಕು ಹಂತ, ಮೂರು ದರ್ಜೆ. ರೋಗಿಗೆ ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ದಿನಕ್ಕೆ ಹತ್ತು ಸಿಗರೇಟು ಸೇದುತ್ತಿದ್ದರೆ, ದರ್ಜೆಯೇ ಬೇರೆ. "ಹಳೆ ಹೆಸ್ರು ಹೇಳಿದ್ರೆ ಇಂಟರ್‌ವ್ಯೂನಲ್ಲಿ ನಗ್ತಾರೆ" ಎಂದು ಅವರು ಆ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದರು, ಹಾಲಿನ ಲೆಕ್ಕದ ಕ್ಯಾಲೆಂಡರಿನ ಪಕ್ಕ.

ಕಸ ಹಾಕುವ ಕ್ರಮವೂ ಬದಲಾಗಿತ್ತು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ರಕ್ತ ಹತ್ತಿದ ಹತ್ತಿ ಹಳದಿ ಚೀಲಕ್ಕೆ, ಕೈಗವಸು ಕೆಂಪಿಗೆ, ಸೂಜಿ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಅವರು ಇದ್ದಾಗ ಅಪರೂಪವಾಗಿದ್ದ ಇಂಪ್ಲಾಂಟ್ ಈಗ ಸಾಮಾನ್ಯ. ಅದು ಟೈಟಾನಿಯಂ, ಮಾಮೂಲಿ ಉಕ್ಕಿನ ಸ್ಕೇಲರ್‌ನಿಂದ ಕೆರೆದರೆ ಮೇಲ್ಮೈಯಲ್ಲಿ ಗೀರು ಬೀಳುತ್ತದೆ, ಆ ಗೀರಿನಲ್ಲಿ ಮತ್ತೆ ಪಾಚಿ ಕೂರುತ್ತದೆ. ಅದಕ್ಕೆ ಬೇರೆಯೇ ಸಾಧನ ಬೇಕು. ಕೊರೋನಾ ಬಂದ ಮೇಲೆ ಅಲ್ಟ್ರಾಸಾನಿಕ್ ಸ್ಕೇಲರ್‌ನಿಂದ ಏಳುವ ತುಂತುರಿನ ಬಗ್ಗೆಯೂ ಎಚ್ಚರ ಹೆಚ್ಚಾಗಿದೆ. ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ಅದುರುವ ತುದಿ ಅದು. ಪೀಜೊ ಹರಳಿನ ಬಗ್ಗೆ ನನ್ನ ಪಾಠದಲ್ಲಿದ್ದದ್ದನ್ನು ನಾನು ಅವರಿಗೆ ಹೇಳಿದೆ, ಅದರ ತುದಿಯನ್ನು ಹಲ್ಲಿಗೆ ಚುಚ್ಚದೆ ಮಲಗಿಸಿ ಯಾಕೆ ಹಿಡಿಯಬೇಕೆಂದು ಅವರು ನನಗೆ ಹೇಳಿದರು. ಆ ಸೆಮಿಸ್ಟರಿನಲ್ಲಿ ನನಗೆ ಸರಿಯಾಗಿ ಅರ್ಥವಾದ ಪಾಠ ಅದೊಂದೇ ಇರಬೇಕು.

ಓದಿದ್ದನ್ನು ಓದಿ ಸರಿಮಾಡಿಕೊಳ್ಳಬಹುದು. ಕೈ? ಅದೇ ಅವರ ನಿಜವಾದ ಹೆದರಿಕೆ. "ಜೀವ ಇರುವ ಬಾಯಿ ಅದು. ಸ್ವಲ್ಪ ಜಾರಿದ್ರೆ ವಸಡು ಹರಿತದೆ" ಎನ್ನುತ್ತಿದ್ದರು. ಬಟ್ಟೆಯ ಗಂಟಿನಿಂದ ತೆಗೆದ ಸ್ಕೇಲರ್‌ಗಳ ಅಂಚು ಮೊಂಡಾಗಿತ್ತು. ಅವುಗಳಲ್ಲಿ ಕೆಲವು ಗ್ರೇಸಿ ಕ್ಯೂರೆಟ್. ಹಿಡಿಯ ಮೇಲೆ 11/12, 13/14 ಎಂದು ನಂಬರು ಇರುತ್ತದೆ. ದವಡೆ ಹಲ್ಲಿನ ಮುಂದಿನ ಬದಿಗೆ ಒಂದು, ಹಿಂದಿನ ಬದಿಗೆ ಇನ್ನೊಂದು. ಒಂದು ತುದಿಯಲ್ಲಿ ಒಂದೇ ಅಂಚು ಹರಿತ. ಸಾಣೆಕಲ್ಲಿಗೆ ಎಣ್ಣೆ ಹಾಕಿ, ಬ್ಲೇಡಿನ ಮುಖಕ್ಕೂ ಕಲ್ಲಿಗೂ ನಡುವೆ 100ರಿಂದ 110 ಡಿಗ್ರಿ ಇರುವಂತೆ ಹಿಡಿದು ಮಸೆಯಬೇಕು. ನಾನು ಕೋನಮಾಪಕ ತಂದು ಅಳೆಯಲು ಕೂತೆ. ಚಿಕ್ಕಮ್ಮ ನೋಡದೆ ಮಸೆಯುತ್ತಾ ಹೋದರು. ಅಳೆದರೆ ಪ್ರತಿ ಸಲ ಆ ಹತ್ತು ಡಿಗ್ರಿಯ ಒಳಗೇ ಇತ್ತು. ನಾನು ವರ್ಕ್‌ಶಾಪಿನಲ್ಲಿ ಅರ ಹಿಡಿದು ಚೌಕ ಮಾಡಲು ಹೋಗಿ ಮಾಡಿದ ಆಕಾರಕ್ಕೆ ಗಣಿತದಲ್ಲಿ ಹೆಸರಿಲ್ಲ.

ಅಭ್ಯಾಸಕ್ಕೆ ಬಾಯಿ ಬೇಕಲ್ಲ. ಕಾಲೇಜುಗಳಲ್ಲಿ ಇದಕ್ಕೆ ಫ್ಯಾಂಟಮ್ ಹೆಡ್ ಎಂಬ ಬೊಂಬೆ ತಲೆ ಇರುತ್ತದೆ. ನಮ್ಮಲ್ಲಿ ಇದ್ದದ್ದು ಅವರು ಕಲಿಯುವಾಗಿನ ಪ್ಲಾಸ್ಟಿಕ್ ಹಲ್ಲಿನ ಸೆಟ್ ಒಂದೇ. ಪಿವಿಸಿ ಪೈಪು, ಎರಡು ಕ್ಲಾಂಪು, ಒಂದು ಹಳೆಯ ಬೈಕಿನ ಕನ್ನಡಿಯ ಕಡ್ಡಿ ಸೇರಿಸಿ, ಕೂತವರ ಮೊಣಕೈ ಎತ್ತರಕ್ಕೆ ಬಾಯಿ ಬರುವ ಹಾಗೆ ನಾನೊಂದು ಸ್ಟ್ಯಾಂಡ್ ಮಾಡಿದೆ. ಹಲ್ಲುಗಳ ಬುಡಕ್ಕೆ ಉಗುರಿನ ಬಣ್ಣ ಬಳಿದು ಒಣಗಿಸಿದರೆ ಅದೇ ಗಟ್ಟಿ ಪಾಚಿ. ಇದು ನನ್ನ ಆವಿಷ್ಕಾರವಲ್ಲ, ಕಲಿಯುವ ಮಕ್ಕಳು ಮಾಡುವ ಉಪಾಯವೇ. ಪೆನ್ನಿನ ಹಾಗೆ ಹಿಡಿದು, ಉಂಗುರ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ಆ ಬೆರಳನ್ನೇ ಆಧಾರ ಮಾಡಿ ಮಣಿಕಟ್ಟನ್ನು ತಿರುಗಿಸುವುದು. ಆ ಆಧಾರಕ್ಕೆ ಅವರೂ ಫಲ್ಕ್ರಮ್ ಎನ್ನುತ್ತಾರೆ, ನಾವು ಮೆಕ್ಯಾನಿಕ್ಸ್‌ನಲ್ಲಿ ಸನ್ನೆಗೋಲಿಗೆ ಹೇಳುವ ಅದೇ ಮಾತು.

ಮೊದಲ ದಿನ ಕಾಲು ಗಂಟೆಗೆ ಮಣಿಕಟ್ಟು ನೋವು ಬಂತು. ಬೆರಳು ಎರಡು ಸಲ ಜಾರಿತು. ಚಿಕ್ಕಮ್ಮ ಸ್ಕೇಲರ್ ಕೆಳಗಿಟ್ಟು ಒಳಗೆ ಹೋದವರು ಆ ದಿನ ಮತ್ತೆ ಹೊರಗೆ ಬರಲಿಲ್ಲ. ಮರುದಿನ ಸಂಜೆ ಬಂದು ಕೂತರು. ಮೂರು ವಾರ ದಿನಾ ಒಂದು ಗಂಟೆ. ಕೊನೆಕೊನೆಗೆ ಮಗ ಕೆಂಪು ಬಣ್ಣ ಬಳಿದು ಕೊಡುವುದು, ಅಮ್ಮ ಕೆರೆದು ತೆಗೆಯುವುದು ಒಂದು ಆಟವಾಯಿತು. ಮನೆಯಲ್ಲಿದ್ದ ಉಗುರಿನ ಬಣ್ಣ ಎಲ್ಲ ಖಾಲಿ.

ಆದರೆ ಪ್ಲಾಸ್ಟಿಕ್ ಹಲ್ಲಿಗೆ ನಾಲಿಗೆ ಇಲ್ಲ, ಉಗುಳು ಇಲ್ಲ, ರಕ್ತ ಇಲ್ಲ. ಇಲ್ಲಿಂದ ಮುಂದಕ್ಕೆ ಮನೆಯಲ್ಲಿ ಮಾಡುವುದೇನೂ ಇರಲಿಲ್ಲ. ಅನುಭವ ಇರುವವರ ಕಣ್ಣೆದುರು ನಾಲ್ಕು ಬಾಯಿಯ ಮೇಲೆ ಕೈಯಾಡಿಸಿ ಸರಿ ಉಂಟು ಎನ್ನಿಸಿಕೊಳ್ಳುವ ಜಾಗ ಬೇಕಿತ್ತು. ಕೆಲಸಕ್ಕೆ ಸೇರಿದರೆ ಆ ಅವಕಾಶ ಸಿಗುತ್ತದೆ, ಆದರೆ ಕೈ ಪಳಗಿದೆ ಎಂದು ತೋರಿಸದೆ ಕೆಲಸ ಸಿಗುವುದಿಲ್ಲ.

ಕೆಲಸ ಕೇಳಿಕೊಂಡು ಹೋದ ಕಡೆಯೆಲ್ಲ ಇದೇ ಸುತ್ತು. ಒಂದು ಕಡೆ ಡಾಕ್ಟರು ಮರ್ಯಾದೆಯಿಂದಲೇ ಹೇಳಿದರು, "ಅಮ್ಮಾ, ಅದೇ ಸಂಬಳಕ್ಕೆ ಹೊಸ ಬಿಡಿಎಸ್ ಹುಡುಗಿಯೇ ಬರ್ತಾಳೆ." ಸುಳ್ಳಲ್ಲ. ನಾಲ್ಕು ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿದ ಡಾಕ್ಟರುಗಳೇ ಕೆಲಸಕ್ಕೆ ಅಲೆಯುವ ಊರು ಇದು. ಅವರು ಕ್ಲೀನಿಂಗೂ ಮಾಡುತ್ತಾರೆ, ತೂತೂ ತುಂಬುತ್ತಾರೆ. ಇನ್ನೊಂದು ಕಡೆ ಅಸಿಸ್ಟೆಂಟ್ ಆಗಿ ಬನ್ನಿ ಎಂದರು, ಹೈಜೀನಿಸ್ಟ್ ಎಂದಲ್ಲ. ಕಾರ್ಕಳದಲ್ಲಿ ಒಂದು ಸಿಗುವಂತಿತ್ತು. ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲ, ಹಿರಿಯಡ್ಕ ದಾಟಿ ಇನ್ನೊಂದು. ಸಂತೆಕಟ್ಟೆಯ ಅಂಡರ್‌ಪಾಸ್ ಕೆಲಸದ ಹೊತ್ತಿನಲ್ಲಿ ಜಂಕ್ಷನ್ ದಾಟುವುದೇ ಒಂದು ಪ್ರಯಾಣ ಆಗಿತ್ತು, ಅದು ಬೇರೆ ಕತೆ. ಕಾಪುವಿನಲ್ಲಿ ಕೇಳಿದ ಕಡೆ ಸಂಜೆ ನಾಲ್ಕರಿಂದ ಏಳೂವರೆ ಕಡ್ಡಾಯ. ನಮ್ಮ ಕಡೆ ಹಲ್ಲಿನ ಕ್ಲಿನಿಕ್‌ಗೆ ಜನ ಬರುವುದೇ ಆ ಹೊತ್ತಿನಲ್ಲಿ. ಮಗ ಶಾಲೆಯಿಂದ ಬರುವುದೂ ನಾಲ್ಕಕ್ಕೆ.

ಎಲ್ಲರೂ ಕೇಳಿದ ಒಂದು ಪ್ರಶ್ನೆ: "ಒಂಬತ್ತು ವರ್ಷ ಗ್ಯಾಪ್ ಯಾಕೆ?" ಈ ಗ್ಯಾಪ್ ಎಂಬ ಮಾತು ನಮಗೂ ಹೊಸದಲ್ಲ. ಒಂದು ವರ್ಷ ಹಿಂದೆ ಬಿದ್ದವರು ಪ್ಲೇಸ್‌ಮೆಂಟ್ ಫಾರ್ಮಿನಲ್ಲಿ ಕಾರಣ ಬರೆಯಲು ಪಡುವ ಪಾಡು ನೋಡಿದ್ದೇನೆ. ಆದರೆ ನಮ್ಮ ಕ್ಷೇತ್ರದಲ್ಲಿ ಹೀಗೆ ಬಿಟ್ಟವರು ಮರಳಲು ಒಂದಷ್ಟು ಬಾಗಿಲುಗಳಿವೆ. ಟಾಟಾ ಸಮೂಹ 2008ರಲ್ಲೇ ಎರಡನೇ ವೃತ್ತಿಜೀವನದ ಇಂಟರ್ನ್‌ಶಿಪ್ ಶುರು ಮಾಡಿತು. ಇನ್ಫೊಸಿಸ್, ವಿಪ್ರೊದಂಥ ಕಂಪನಿಗಳಲ್ಲೂ ಅಂಥದ್ದಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮಹಿಳಾ ವಿಜ್ಞಾನಿಗಳಿಗಾಗಿ ಇಂಥದೇ ಯೋಜನೆಯನ್ನು 2002–03ರಲ್ಲೇ ತಂದಿದೆ. ಬ್ರಿಟನ್ನಿನಲ್ಲಿ ಹೈಜೀನಿಸ್ಟ್‌ಗಳು ಐದು ವರ್ಷಕ್ಕೆ ಕನಿಷ್ಠ 75 ಗಂಟೆ ಮುಂದುವರಿದ ಕಲಿಕೆ ತೋರಿಸಲೇಬೇಕು. ಹಾಗಾಗಿ ಅಲ್ಲಿ ಅಂಥ ತರಗತಿಗಳೂ ಇವೆ, ಬಿಟ್ಟವರು ಎಲ್ಲಿಂದ ಹಿಡಿಯಬೇಕೆಂದು ತೋರಿಸುವ ಒಂದು ಅಳತೆಯೂ ಇದೆ.

ನಮ್ಮ ಎರಡು ಜಿಲ್ಲೆಗಳಲ್ಲಿ ಏನು ಕಡಿಮೆ? ಮಣಿಪಾಲ ಇದೆ. 1985ರಿಂದ ದೇರಳಕಟ್ಟೆಯ ಎ.ಬಿ. ಶೆಟ್ಟಿ ಕಾಲೇಜು, 1987ರಿಂದ ಮಂಗಳೂರಿನಲ್ಲಿ ಮಣಿಪಾಲದವರದ್ದೇ ಇನ್ನೊಂದು, ಆಮೇಲೆ ಯೇನೆಪೋಯ. ದಂತವೈದ್ಯಕೀಯ ಕಾಲೇಜು ಎಂದ ಮೇಲೆ ಸಾಲು ಸಾಲು ಬೊಂಬೆ ತಲೆಗಳ ಲ್ಯಾಬ್ ಇರುತ್ತದೆ, ವಸಡಿನ ವಿಭಾಗ ಇರುತ್ತದೆ, ಕ್ಲೀನಿಂಗಿಗೆ ಬರುವ ರೋಗಿಗಳಿರುತ್ತಾರೆ. ಪರೀಕ್ಷೆ ಮುಗಿದ ರಜೆಯಲ್ಲಿ ಮೂರು ವಾರ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ, ಬಿಟ್ಟು ಮರಳುವವರಿಗೆಂದು ಆ ಲ್ಯಾಬ್ ತೆರೆದರೆ? ಶುಲ್ಕ ತೆಗೆದುಕೊಳ್ಳಲಿ. ಒಂದು ವಾರ ಬೊಂಬೆ, ಎರಡು ವಾರ ಅಧ್ಯಾಪಕರ ಎದುರು ರೋಗಿಗಳು, ಕೊನೆಗೆ "ಇವರ ಕೈ ನೋಡಿದ್ದೇವೆ" ಎಂಬ ಒಂದು ಹಾಳೆ. ಗ್ಯಾಪ್ ಯಾಕೆ ಎಂದು ಕೇಳುವ ಡಾಕ್ಟರಿಗೆ ನಿಜವಾಗಿ ಬೇಕಾದದ್ದು ಆ ಹಾಳೆ, ಕಾರಣವಲ್ಲ. ಇದು ಹೈಜೀನಿಸ್ಟ್‌ಗಳಿಗೆ ಮಾತ್ರ ಅಲ್ಲ, ಮದುವೆಯಾಗಿ ಗಲ್ಫಿಗೆ ಹೋಗಿ ಮರಳಿದ ಎಷ್ಟೋ ಬಿಡಿಎಸ್ ಅಕ್ಕಂದಿರಿಗೂ ಉಪಯೋಗವಾದೀತು. ಯಾವ ಕಾಲೇಜಾದರೂ ಇದನ್ನು ಮಾಡುವುದಾದರೆ ನನ್ನ ಪಿವಿಸಿ ಸ್ಟ್ಯಾಂಡನ್ನು ಪುಕ್ಕಟೆ ಕೊಡುತ್ತೇನೆ.

ಚಿಕ್ಕಮ್ಮನಿಗೆ ಬಾಗಿಲು ತೆರೆದದ್ದು ಯೋಜನೆಯಿಂದಲ್ಲ, ಪರಿಚಯದಿಂದ. ಅವರ ಬ್ಯಾಚಿನ ಗೆಳತಿಯೊಬ್ಬರು ಕೆಲಸ ಮಾಡುವ ಕ್ಲಿನಿಕ್‌ನ ಡಾಕ್ಟರು "ಎರಡು ವಾರ ಬಂದು ನೋಡಿ, ಆಮೇಲೆ ಮಾತಾಡುವ" ಎಂದರು. ಸಂಬಳ ಇಲ್ಲ. ಮೊದಲ ವಾರ ಸುಮ್ಮನೆ ಪಕ್ಕದಲ್ಲಿ ನಿಂತು ಸಕ್ಷನ್ ಹಿಡಿದದ್ದು. ಎರಡನೇ ವಾರ ಗೆಳತಿಯೇ ತನ್ನ ಬಾಯಿ ತೆರೆದು ಕೂತು, "ನನ್ನದೇ ಕ್ಲೀನ್ ಮಾಡು, ನೋವಾದ್ರೆ ಹೇಳ್ತೇನೆ" ಎಂದರಂತೆ. ಅರ್ಧ ಗಂಟೆ ಹಿಡಿಯಿತು, ಮೊದಲಿನ ಎರಡರಷ್ಟು. ಗೆಳತಿ ಎದ್ದು ಕನ್ನಡಿ ನೋಡಿ ಏನೂ ಹೇಳದೆ ಡಾಕ್ಟರ ಹತ್ತಿರ ಹೋಗಿ ಬಾಯಿ ತೋರಿಸಿದರು.

ಅದಾದ ಮೇಲೆ ಸಿಕ್ಕ ಮೊದಲ ನಿಜವಾದ ರೋಗಿ ಕಲ್ಯಾಣಪುರದ ಕಡೆಯ ಒಬ್ಬರು ಅಜ್ಜ. ಎಲೆಅಡಿಕೆಯ ಕಪ್ಪು, ಕೆಳಗಿನ ಎದುರು ಹಲ್ಲುಗಳ ಹಿಂದೆ ಕಲ್ಲಿನಂಥ ಪಾಚಿ. ಕೂರುವ ಮೊದಲೇ ಅವರು, ನಮ್ಮೂರಿನ ಹಿರಿಯರೆಲ್ಲ ಕೇಳುವುದನ್ನೇ ಕೇಳಿದರು: "ಕ್ಲೀನ್ ಮಾಡಿದ್ರೆ ಹಲ್ಲು ಅಲ್ಲಾಡ್ಲಿಕ್ಕೆ ಶುರು ಆಗ್ತದಂತೆ ಅಲ್ವಾ?" ಚಿಕ್ಕಮ್ಮ ಕನ್ನಡಿ ಹಿಡಿದು ತೋರಿಸಿ, ಹಲ್ಲು ಅಲ್ಲಾಡುವುದು ಪಾಚಿ ವಸಡಿನ ಕೆಳಗಿನ ಎಲುಬು ತಿಂದದ್ದರಿಂದ, ಪಾಚಿಯೇ ಅಂಟಿನ ಹಾಗೆ ಹಿಡಿದುಕೊಂಡಿದ್ದರಿಂದ ಇಷ್ಟು ದಿನ ಗೊತ್ತಾಗಿಲ್ಲ ಎಂದು ವಿವರಿಸಿದರಂತೆ. ಸಕ್ಕರೆ ಕಾಯಿಲೆ ಉಂಟಾ ಎಂದು ಕೇಳಿದರೆ ಅಜ್ಜ ಪರೀಕ್ಷೆ ಮಾಡಿಸಿಯೇ ಇರಲಿಲ್ಲ. ಆ ಮಾತನ್ನು ಡಾಕ್ಟರಿಗೆ ತಿಳಿಸಿದ್ದೂ ಅವರೇ. ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಅವರು ಅನ್ನಕ್ಕಿಟ್ಟದ್ದನ್ನು ಮರೆತಿದ್ದರು.

ಈಗ ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಮಾತ್ರ ಕೆಲಸ. ಸಂಬಳ 2015ರಲ್ಲಿ ಬಿಡುವಾಗ ಇದ್ದದ್ದಕ್ಕಿಂತ ಹೆಚ್ಚಿಲ್ಲ, ಬಸ್ಸಿನ ಖರ್ಚು ಕಳೆದರೆ ಕಡಿಮೆಯೇ. ಬೋರ್ಡಿನಲ್ಲಿ ಹೆಸರಿಲ್ಲ. ಆದರೆ ಕೆಲಸಕ್ಕೆ ಸೇರಿದ ದಿನಾಂಕ, ಹುದ್ದೆ ಹೈಜೀನಿಸ್ಟ್ ಎಂದು ಬರೆಸಿದ ಪತ್ರವನ್ನು ಮೊದಲ ದಿನವೇ ಕೇಳಿ ತಂದಿದ್ದಾರೆ. ಅದು ಫೈಲಿನಲ್ಲಿದೆ, ಫೈಲು ಈಗ ಸೀರೆಗಳ ಮೇಲೆ. ಮೊನ್ನೆ ನನ್ನ ಹತ್ತಿರ ಬಂದು, ನವೀಕರಣದ ತಾರೀಕಿಗೆ ತಿಂಗಳ ಮೊದಲೇ ಬೊಬ್ಬೆ ಹೊಡೆಯುವ ಹಾಗೆ ಫೋನಿನಲ್ಲಿ ಅಲಾರಂ ಇಡ್ಲಿಕ್ಕೆ ಆಗ್ತದಾ ಎಂದು ಕೇಳಿದರು. ಇಟ್ಟುಕೊಟ್ಟೆ. ಗುರುವಾರ ಸಂಜೆಗಳಲ್ಲಿ ಜಗಲಿಯ ಪಿವಿಸಿ ಸ್ಟ್ಯಾಂಡಿನ ಎದುರು ಈಗ ಅವರ ಬ್ಯಾಚಿನ ಇನ್ನೊಬ್ಬರು ಕೂರುತ್ತಾರೆ. ಅವರದ್ದು ಹನ್ನೊಂದು ವರ್ಷದ ಗ್ಯಾಪ್. ಉಗುರಿನ ಬಣ್ಣ ಅವರೇ ತರುತ್ತಾರೆ.